ಅಜ್ಜಿಯ ಓಟು ಯಾರಿಗೆ?

ನಾನು ಚಿಕ್ಕವನಿದ್ದಾಗ ತೆಂಗಿನ ಮರ ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತಿತ್ತು. ನಗಬೇಡಿ ಮಕ್ಕಳೇ. ಅರಸೀಕೆರೆಯಲ್ಲಿ ಹುಟ್ಟಿ, ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಬೆಳೆದು, ತೆಂಗಿನ ಮರದ ಮೇಲೆ ಹೊಟ್ಟೆಕಿಚ್ಚು ಪಟ್ಟವನು ನಾನೊಬ್ಬನೇ ಇರಬೇಕು. ಕಾರಣ ಕೇಳಿದರೆ ನೀವೂ ನನ್ನ ಕಡೆಗೇ ಸೇರುತ್ತೀರಿ.

ಆ ವರ್ಷ ಪುರಸಭೆ ಚುನಾವಣೆಗೆ ನಮ್ಮ ವಾರ್ಡಿನಿಂದ ಇಬ್ಬರು ನಿಂತಿದ್ದರು. ಒಬ್ಬರು ನಮ್ಮ ಅಪ್ಪ. ಇನ್ನೊಬ್ಬರು ಅಪ್ಪನ ಸ್ವಂತ ಅಣ್ಣ, ನಮ್ಮ ದೊಡ್ಡಪ್ಪ. ಬೀದಿ ನಲ್ಲಿಯನ್ನು ಯಾವ ಮೂಲೆಗೆ ಹಾಕಿಸಬೇಕು ಅನ್ನುವ ಮಾತು ಬೆಳೆದು ಬೆಳೆದು ನಾಮಪತ್ರದ ತನಕ ಬಂದಿತ್ತು. ಯಾರಾದರೂ ಒಬ್ಬರು ವಾಪಸ್ ತಗೊಳ್ರಪ್ಪಾ ಎಂದು ಊರ ಹಿರಿಯರು ಹೇಳಿದರು. “ಅವನು ತಗೊಳ್ಲಿ” ಎಂದು ಇಬ್ಬರೂ ಹೇಳಿದರು. ನಮ್ಮದೂ ಅವರದೂ ಅಕ್ಕಪಕ್ಕದ ಮನೆ, ಹಿತ್ತಿಲ ನಡುವೆ ಎದೆಯೆತ್ತರದ ಮಣ್ಣಿನ ಗೋಡೆ. ಅವರಿಬ್ಬರನ್ನೂ ಹೆತ್ತ ಅಜ್ಜಿ ಮಾತ್ರ ಎರಡೂ ಮನೆಯವಳು. ಬೆಳಗ್ಗೆ ಅಲ್ಲಿ ರೊಟ್ಟಿ, ಸಂಜೆ ಇಲ್ಲಿ ಮುದ್ದೆ.

ಚುನಾವಣೆಯ ಗುರುತು ಹಂಚಿದಾಗ ಅಪ್ಪನಿಗೆ ಛತ್ರಿ ಬಂತು. ದೊಡ್ಡಪ್ಪನಿಗೆ? ತೆಂಗಿನ ಮರ! ನಮ್ಮೂರಲ್ಲಿ ಯಾರಿಗಾದರೂ ತೆಂಗಿನ ಮರದ ಗುರುತು ಕೊಡುತ್ತಾರೆಯೇ? ನಾವು ಗೋಡೆಗಳ ಮೇಲೆ ಸುಣ್ಣ ಬಳಿದು, ನೀಲಿಯಲ್ಲಿ ಛತ್ರಿ ಬಿಡಿಸಿ ಬಿಡಿಸಿ ಕೈ ಸೋತೆವು. ಅವರಿಗೆ ಏನೂ ಕೆಲಸವಿರಲಿಲ್ಲ. ಸ್ಟೇಷನ್ನಿನ ಹಿಂದೆ ಅವರ ಗುರುತು, ಜಾವಗಲ್ ರಸ್ತೆಯುದ್ದಕ್ಕೂ ಅವರ ಗುರುತು. ದೊಡ್ಡಪ್ಪನ ಮಗ, ನನಗಿಂತ ಸ್ವಲ್ಪ ದೊಡ್ಡವನು, ಅವನನ್ನು ನಾನು ಅಣ್ಣ ಅನ್ನುತ್ತಿದ್ದೆ. ಅವನು ಗೋಡೆಯ ಮೇಲೆ ಗಲ್ಲ ಇಟ್ಟು, “ಕತ್ತೆತ್ತಿ ನೋಡ್ಲಾ, ನಿಮ್ ಹಿತ್ಲಲ್ಲೂ ನಮ್ದೇ ಪಾರ್ಟಿ” ಎಂದು ಹಲ್ಲು ಕಿರಿದ. ನೋಡಿದರೆ ನಿಜ. ನಮ್ಮ ಬಚ್ಚಲ ನೀರು ಕುಡಿದು ಬೆಳೆದ ಮರ, ಗರಿ ಅಲ್ಲಾಡಿಸಿಕೊಂಡು ಅವರ ಪರವಾಗಿ ನಿಂತಿತ್ತು. ದ್ರೋಹಿ!

ನಾನು ಸೀದಾ ಅಜ್ಜಿಯ ಹತ್ತಿರ ಓಡಿದೆ. ನಮ್ಮ ತೋಟದಲ್ಲಿ ಫಲ ನಿಂತುಹೋದ ಮರ ಯಾವುದು ಎಂದು ನೋಡಿ, ಅದರ ಬುಡಕ್ಕೆ ಸುಣ್ಣದಲ್ಲಿ ಗುರುತು ಹಾಕುವುದು ಅಜ್ಜಿಯ ಕೆಲಸವಾಗಿತ್ತು. ಆ ಗುರುತು ನೋಡಿಕೊಂಡು ಮರ ಕಡಿಯುವವರು ಬರುತ್ತಿದ್ದರು.

“ಅಜ್ಜಿ, ನಮ್ ಹಿತ್ಲ ಮರಕ್ಕೂ ಗುರುತು ಹಾಕು” ಎಂದೆ.

“ಬಾಯ್ ಮುಚ್ಲಾ! ಕಾಯಿ ಬಿಡೋ ಮರ ಕಣ್ಲಾ ಅದು. ಗುರುತು ಹಾಕೋವಾಗ ನನ್ ಕೈ ಎಷ್ಟು ನಡುಗ್ತದೆ ಗೊತ್ತೇನ್ಲಾ ನಿಂಗೆ?” ಎಂದು ತಲೆಗೆ ಒಂದು ಮೊಟಕಿದಳು.

ನೋವಿಗಿಂತ ಹೆಚ್ಚಾಗಿ ಅನುಮಾನ ನನ್ನನ್ನು ಕೊರೆಯತೊಡಗಿತು. ಅಜ್ಜಿ ಅವರ ಕಡೆಯೇ? ಅವಳಿಗೆ ಇದ್ದದ್ದು ಒಂದೇ ಓಟು. ಅದು ಯಾರಿಗೆ ಬೀಳುತ್ತದೋ ಅವರೇ ಅವಳ ಮುದ್ದಿನ ಮಗ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಪುರಸಭೆ ಯಾರ ಪಾಲಾದರೂ ಆಗಲಿ, ಅಜ್ಜಿ ನಮಗೆ ಬೇಕಿತ್ತು. ಅವಳು ಅಣ್ಣನ ತಲೆಗೆ ಎಣ್ಣೆ ಹಚ್ಚಿದರೆ ನನ್ನ ತಲೆ ಬಿಸಿಯಾಗುತ್ತಿತ್ತು. ಅವನಿಗೆ ಕೊಟ್ಟ ಬೆಲ್ಲದ ಉಂಡೆ ನನ್ನದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು.

ಓಟಿನ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಅಜ್ಜಿ ಹಣೆ ತುಂಬಾ ವಿಭೂತಿ ಇಟ್ಟು, ಪೆಟ್ಟಿಗೆಯ ನುಸಿಗುಳಿಗೆ ವಾಸನೆ ಹೊಡೆಯುವ ಇಳಕಲ್ ಸೀರೆ ಉಟ್ಟು, ಕಪ್ಪು ಛತ್ರಿ ಬಿಚ್ಚಿಕೊಂಡು ಹೊರಟಳು. ಛತ್ರಿ! ನನ್ನ ಎದೆ ಉಬ್ಬಿತು. ಅಣ್ಣನ ಮನೆಯ ಮುಂದೆ ಅವಳನ್ನು ಬೇಕೆಂದೇ ನಿಧಾನವಾಗಿ ನಡೆಸಿಕೊಂಡು ಹೋದೆ. ಆದರೆ ಓಟು ನಡೆಯುತ್ತಿದ್ದ ಶಾಲೆಯ ಗೇಟಿನಲ್ಲಿ ಪೊಲೀಸಿನವರು ತಡೆದರು. “ಅಜ್ಜಿ, ಛತ್ರಿ ಒಳಗೆ ತರಂಗಿಲ್ಲ. ಅದು ಕ್ಯಾಂಡಿಡೇಟ್ ಗುರುತು.”

ಶಾಲೆಯ ಅಂಗಳದಲ್ಲಿ ಎರಡು ತೆಂಗಿನ ಮರ ನೆಟ್ಟಗೆ ನಿಂತಿದ್ದವು! ನನಗೆ ತಡೆಯಲಾಗಲಿಲ್ಲ. “ಸಾರ್, ಹಂಗಾದ್ರೆ ಅವನ್ನೂ ಆಚೆಗೆ ಕಳಿಸಿ” ಎಂದು ಕೂಗಿದೆ. ಸಾಲಿನಲ್ಲಿ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೊಲೀಸಿನವರೂ ನಕ್ಕರು. ನಾನು ಮಾತ್ರ ಮಡಿಸಿದ ಛತ್ರಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಗೇಟಿನ ಹೊರಗೆ ನಿಂತೆ.

ಅಜ್ಜಿ ಒಳಗೆ ಹೋದವಳು ಬೇಗ ಬರಲಿಲ್ಲ. ಬಂದಾಗ ಅವಳ ಮುಖ ಬೆವೆತಿತ್ತು. ಯಾರಿಗೆ ಒತ್ತಿದೆ ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಬಂದೆ. ಮನೆಗೆ ಬಂದು ಹಿತ್ತಿಲ ಕಲ್ಲಿನ ಮೇಲೆ ಕೂತು ಕಾಲಿಗೆ ನೀರು ಹಾಕಿಕೊಳ್ಳುವಾಗ, ನನ್ನ ಕಾಟ ತಾಳಲಾರದೆ ಹೇಳಿದಳು.

“ಛತ್ರಿಗೇ ಒತ್ತಿವ್ನಿ. ಸಾಕಾ?”

ನಾನು ಕುಣಿದುಬಿಟ್ಟೆ. ಹಿಂದಿನ ಬಾಗಿಲಲ್ಲಿ ಅಪ್ಪ ನಿಂತಿದ್ದದ್ದನ್ನು ಆಗಲೇ ನೋಡಿದ್ದು. ಅಪ್ಪನ ಮುಖ ಅರಳಿತ್ತು. ಅಜ್ಜಿ ಅತ್ತ ನೋಡಲಿಲ್ಲ. ಪಾದ ಉಜ್ಜಿಕೊಳ್ಳುತ್ತಾ ಮುಂದುವರಿಸಿದಳು.

“ಹೋಗಿದ್ದೇನೋ ದೊಡ್ಡೋನಿಗೆ ಒತ್ಬೇಕು ಅಂತ್ಲೇ ಕಣಪ್ಪಾ. ಅವನು ಮೆತ್ಗೆ, ಸೋತ್ರೆ ತಡ್ಕೊಳಲ್ಲ. ಆದ್ರೆ ಆ ಚೀಟೀಲಿ ಮರದ ಮೇಲೇ ಗುರುತು ಒತ್ಬೇಕಂತೆ! ನನ್ ಮಗನ ಮರಕ್ಕೆ ನಾನೇ ಗುರುತು ಹಾಕ್ಲಾ? ಕೈ ಬರ್ಲಿಲ್ಲ. ಸುಮ್ನೆ ನಿಂತ್ಕೊಂಡೆ, ನಿಂತ್ಕೊಂಡೆ. ಕೊನೀಗೆ ಛತ್ರಿಗೆ ಒತ್ಬುಟ್ಟು ಬಂದೆ. ಮರ ಕಡಿದ್ರೆ ಹೋಯ್ತು. ಛತ್ರಿ ಹರಿದ್ರೆ ಹೊಲಿಸ್ಕೋಬೋದು.”

ನನ್ನ ಕುಣಿತ ಅಲ್ಲೇ ನಿಂತಿತು. ಓಟು ನಮಗೆ ಬಂದಿತ್ತು, ಅಕ್ಕರೆ ಗೋಡೆಯಾಚೆಗೆ ಹೋಗಿತ್ತು. ಅಪ್ಪ ಏನೂ ಕೇಳಿಸದವರಂತೆ, “ಅವ್ವಾ, ಕಾಫಿ ಕುಡೀತೀಯಾ?” ಎಂದು ಕೇಳಿ ಒಳಗೆ ಹೋದರು.

ಎಣಿಕೆಯ ದಿನ ಅಪ್ಪ ಗೆದ್ದರು. ನಮ್ಮ ಜಗಲಿಯ ಮೇಲೆ ಕಾಲಿಡಲು ಜಾಗವಿಲ್ಲ. ತಮಟೆ, ಸೇವಂತಿಗೆ ಹಾರ, ತುಪ್ಪದಲ್ಲಿ ಕರಿದ ಬೂಂದಿಯ ಘಮ. ಎಲೆ ಹಾಕುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಹಿತ್ತಿಲಿಗೆ ಓಡಿ ನೋಡಿದರೆ, ಆಚೆ ಮನೆಯ ಅಡುಗೆಕೋಣೆಯ ಮೆಟ್ಟಿಲ ಮೇಲೆ ದೊಡ್ಡಪ್ಪ ತಲೆ ತಗ್ಗಿಸಿ ಕೂತಿದ್ದರು. ಪಕ್ಕದಲ್ಲಿ ಅಜ್ಜಿ ಅವರ ಕೈಗೆ ಮುದ್ದೆ ಮುರಿದು ಕೊಡುತ್ತಿದ್ದಳು. ಸಂಜೆಯ ಊಟ ನಮ್ಮ ಮನೆಯದು! ನಾನು ಕೂಗಬೇಕೆಂದಿದ್ದೆ.

“ಗೆದ್ದೋನಿಗೆ ಊರೆಲ್ಲಾ ಐತೆ, ಉಣ್ಣು” ಎಂದು ಅಜ್ಜಿ ದೊಡ್ಡಪ್ಪನಿಗೆ ಹೇಳುವುದು ಕೇಳಿಸಿತು. “ನಿಂಗೆ ನಾನಿವ್ನಿ.”

ನನ್ನ ಪಕ್ಕದಲ್ಲಿ ಯಾರೋ ಉಸಿರುಬಿಟ್ಟಂತಾಯಿತು. ಅಪ್ಪ. ಕೊರಳು ಕಾಣದಷ್ಟು ಹಾರ ಹಾಕಿಕೊಂಡು, ಗೋಡೆಯ ಮೇಲೆ ಎರಡೂ ಕೈ ಇಟ್ಟು, ಆಚೆಗೇ ನೋಡುತ್ತಿದ್ದರು. ಇಷ್ಟು ದೊಡ್ಡವರಿಗೂ ಹೊಟ್ಟೆಕಿಚ್ಚು ಇರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಈಗ ನೋಡಿ, ಎಲ್ಲಾ ಬಟನ್. ಒತ್ತಿದರೆ ಕುಯ್ ಅನ್ನುತ್ತದೆ, ಮರಕ್ಕೂ ಗುರುತು ಬೀಳುವುದಿಲ್ಲ, ಛತ್ರಿಗೂ ಬೀಳುವುದಿಲ್ಲ. ಅಜ್ಜಿಯ ಕಾಲದಲ್ಲೇ ಆ ಯಂತ್ರ ಬಂದಿದ್ದರೆ ಅವಳ ಓಟು ಸೀದಾ ದೊಡ್ಡಪ್ಪನಿಗೇ ಹೋಗುತ್ತಿತ್ತು. ಸದ್ಯ, ಬಂದಿರಲಿಲ್ಲ!

ನಿಮ್ಮ ಸ್ಕೂಲಿನಲ್ಲಂತೂ ಕ್ಲಾಸ್ ಲೀಡರ್ ಚುನಾವಣೆಯೂ ಕಂಪ್ಯೂಟರಿನಲ್ಲೇ. ಹೋದ ವಾರ ನೀವಿಬ್ಬರೂ ನಿಂತಿರಿ. ಪುಟ್ಟಿ, ನನ್ನ ಮಗನ ಮಗಳು, ನೀನು ಗೆದ್ದೆ. ಪುಟ್ಟಾ, ನನ್ನ ಮಗಳ ಮಗ, ನೀನು ಸೋತೆ. ನಾನು ಪುಟ್ಟನ ಪಕ್ಕ ಕೂತು ಐಸ್ ಕ್ರೀಂ ತಿನ್ನುತ್ತಿದ್ದಾಗ, ಪುಟ್ಟಿ, ನೀನು ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು, “ತಾತಾ, ಗೆದ್ದಿದ್ದು ನಾನು ಕಣೋ” ಎಂದೆ. ಆ ಮುಖವನ್ನು ನಾನು ಮಣ್ಣಿನ ಗೋಡೆಯ ಪಕ್ಕದಲ್ಲಿ ನೋಡಿದ್ದೇನೆ. ಬಾ, ಇಲ್ಲಿ ಬಂದು ನನ್ನ ಇನ್ನೊಂದು ಪಕ್ಕ ಕೂತ್ಕೋ. ಅಜ್ಜಿ ಮಾಡಿದ್ದೇ ಸರಿ ಎಂದು ನನಗೆ ಈಗ ಚೆನ್ನಾಗಿ ಗೊತ್ತು. ಆದರೂ ಅವತ್ತು ಅವಳು ನಮ್ಮ ಮನೆಯಲ್ಲೇ ಉಣ್ಣಬೇಕಿತ್ತು.