ಸ್ಟೇರಿಂಗ್ ಮುಟ್ಟದ ಶೀನಣ್ಣ

ನನಗೆ ಕಾರು ಓಡಿಸಲು ಕಲಿಸಿದ ಶೀನಣ್ಣ ಒಂದು ಸಲವಾದರೂ ನನ್ನೆದುರು ಸ್ಟೇರಿಂಗ್ ಹಿಡಿದವರಲ್ಲ. ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದರು. ಬಲಗೈ ಸದಾ ಹ್ಯಾಂಡ್‌ಬ್ರೇಕಿನ ಮೇಲೆ. ಕಾರು ಇನ್ನೇನು ಗದ್ದೆಗೆ ಇಳಿಯಿತು ಅನ್ನುವಾಗಲೂ ಆ ಕೈ ಈಚೆಗೆ ಬರುತ್ತಿರಲಿಲ್ಲ, ಬಾಯಿ ಮಾತ್ರ ಬರುತ್ತಿತ್ತು. “ಬಲಕ್ಕೆ, ಬಲಕ್ಕೆ! ನಿಮ್ಮ ಬಲ ಮಾರಾಯ್ರೆ, ನನ್ನದಲ್ಲ!” ಇಬ್ಬರೂ ಒಂದೇ ಕಡೆಗೆ ಮುಖ ಮಾಡಿ ಕೂತಿರುವಾಗ ನನ್ನ ಬಲ ಬೇರೆ, ಅವರ ಬಲ ಬೇರೆ ಹೇಗಾಗುತ್ತದೆ ಎಂದು ಕೇಳುವಷ್ಟು ಪುರುಸೊತ್ತು ನನಗಿರುತ್ತಿರಲಿಲ್ಲ.

ಅರವತ್ತರ ಆಸುಪಾಸಿನ ಮನುಷ್ಯ. ಬಿಸಿಲಿಗೆ ಸುಟ್ಟ ಮೈ, ಕತ್ತರಿಸಿ ನಿಲ್ಲಿಸಿದಂಥ ಬಿಳಿ ಕೂದಲು, ಹಗ್ಗ ಎಳೆದು ಎಳೆದು ಗಂಟುಗಟ್ಟಿದ ಬೆರಳುಗಳು. ಮಲ್ಪೆಯ ಬಂದರಿನಿಂದ ಹೊರಡುವ ಮೀನಿನ ಬೋಟುಗಳಲ್ಲಿ ಬಹಳ ಕಾಲ ತಂಡೇಲರಾಗಿದ್ದವರು. ತಂಡೇಲ ಎಂದರೆ ಚುಕ್ಕಾಣಿ ಹಿಡಿಯುವವನು, ಬೋಟಿನಲ್ಲಿರುವ ಎಲ್ಲರ ಜೀವಕ್ಕೂ ಹೊಣೆ. ಬೋಟು ಬಿಟ್ಟ ಮೇಲೆ ಅವರಿಗೆ ಒಂದು ವಿಚಿತ್ರ ಕೆಲಸ ಒಲಿದು ಬಂದಿತ್ತು. ಪರ್ಕಳ, ಅಲೆವೂರು ಕಡೆಯ ಗಂಡಸರು ಗಲ್ಫಿನಿಂದ ರಜೆಗೆ ಬರುತ್ತಾರೆ, ಹೊಸ ಕಾರು ಕೊಳ್ಳುತ್ತಾರೆ, ರಜೆ ಮುಗಿದ ಕೂಡಲೇ ಕಾರನ್ನೂ ಹೆಂಡತಿಯನ್ನೂ ಬಿಟ್ಟು ವಿಮಾನ ಹತ್ತುತ್ತಾರೆ. ಆ ಹೆಂಡತಿಯರಿಗೆ ಆ ಕಾರುಗಳನ್ನು ಪಳಗಿಸಿ ಕೊಡುವುದು ಶೀನಣ್ಣನ ಉದ್ಯೋಗ. “ಕಾರಿಗೆ ಬ್ರೇಕ್ ಉಂಟು. ಬೋಟಿಗೆ ಅದೂ ಇಲ್ಲ. ಮತ್ತೆ ನಿಮಗೆ ಎಂತ ಹೆದರಿಕೆ?” ಎನ್ನುವುದು ಅವರ ಮೊದಲ ಪಾಠ.

ನನ್ನ ಗಂಡ ಪ್ರಶಾಂತ ಗಲ್ಫಿನಲ್ಲಿರಲಿಲ್ಲ. ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ನನ್ನ ತವರು ಅರಸೀಕೆರೆಯ ಕಡೆ. ಪ್ರಶಾಂತನದು ಹಾಸನ. ಮನೆಯವರು ನೋಡಿ ಒಪ್ಪಿ ಮಾಡಿದ ಮದುವೆ. ಹನಿಮೂನಿಗೆ ಎಲ್ಲಿಗೆ ಎಂದಾಗ ಅವನು ಕಾರಿನಲ್ಲೇ ಹೋಗೋಣ ಎಂದ. ಕಾರವಾರಕ್ಕೆ ಹೋಗಿ, ಅಲ್ಲಿಂದ ಸಮುದ್ರದ ಪಕ್ಕದಲ್ಲೇ ಇಳಿಯುತ್ತಾ ಬಂದು, ಕೊನೆಯ ನಾಲ್ಕಾರು ದಿನ ಮಲ್ಪೆಯಲ್ಲಿದ್ದು ವಾಪಸಾಗುವುದು ನಮ್ಮ ಲೆಕ್ಕ. ದಾರಿಯುದ್ದಕ್ಕೂ ಅವನದೇ ಡ್ರೈವಿಂಗ್. ಒಂದು ಕೈ ಸ್ಟೇರಿಂಗಿನಲ್ಲಿ, ಇನ್ನೊಂದು ನನ್ನ ಹೆಗಲ ಮೇಲೆ. ನಾನು ಸುಖವಾಗಿ ನಿದ್ದೆ ಮಾಡಿದ್ದೇನೆ. ಈಗ ನೆನೆಸಿಕೊಂಡರೆ ಬೆನ್ನು ತಣ್ಣಗಾಗುತ್ತದೆ.

ಮಲ್ಪೆಗೆ ಬಂದ ಮರುದಿನ ಕಾಪುವಿನ ದೀಪಸ್ತಂಭ ನೋಡಲು ಹೋದೆವು. ಕಾರು ನಿಲ್ಲಿಸಿ ಕೀಲಿ ತೆಗೆದವನು ಇಳಿಯಲಿಲ್ಲ. ಏನೋ ತಮಾಷೆ ಮಾಡುತ್ತಿದ್ದಾನೆಂದು ಅವನ ಕಡೆ ತಿರುಗಿದೆ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ದವಡೆ ಬಿಗಿದಿತ್ತು, ಆಮೇಲೆ ಇಡೀ ಮೈ ಸೆಟೆದು ಅದುರತೊಡಗಿತು. ನಾನು ಕಿರುಚಿದ್ದಕ್ಕೆ ಎಳನೀರು ಮಾರುವವರು ಓಡಿ ಬಂದರು. ಐದು ನಿಮಿಷ ಮೊದಲು ಹೀಗಾಗಿದ್ದರೆ ನಾವು ಹೈವೇಯಲ್ಲಿ ಲಾರಿಗಳ ನಡುವೆ ಇರುತ್ತಿದ್ದೆವು.

ಮಣಿಪಾಲದ ಆಸ್ಪತ್ರೆಯಲ್ಲಿ ಡಾಕ್ಟರ್ ಅವನನ್ನು ಕೇಳಿದ ಮೊದಲ ಪ್ರಶ್ನೆ, “ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತು?” ನಾನು ಪಕ್ಕದಲ್ಲೇ ನಿಂತಿದ್ದೆ. ಯಾವ ಮಾತ್ರೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಇಷ್ಟು: ಅವನಿಗೆ ಕಾಲೇಜಿನ ದಿನಗಳಿಂದ ಮೂರ್ಛೆರೋಗ, ಮಾತ್ರೆಯಲ್ಲಿ ಅದು ಹದ್ದುಬಸ್ತಿನಲ್ಲಿತ್ತು, ಬ್ಯಾಗಿನಲ್ಲಿ ನಾನು ಕಂಡುಬಿಡುತ್ತೇನೆಂದು ಈ ಪ್ರವಾಸಕ್ಕೆ ಅವನು ಮಾತ್ರೆಗಳನ್ನೇ ತಂದಿರಲಿಲ್ಲ. ಇನ್ನು ಮುಂದೆ ತಾವು ಹೇಳುವವರೆಗೆ ಸ್ಟೇರಿಂಗ್ ಮುಟ್ಟಕೂಡದು ಎಂದರು ಡಾಕ್ಟರ್.

ರೋಗಕ್ಕೆ ನಾನು ಸಿಟ್ಟಾಗಲಿಲ್ಲ. ನನ್ನಿಂದ ಮುಚ್ಚಿಡಲೆಂದು ನನ್ನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಊರೂರು ಸುತ್ತಿದನಲ್ಲ, ಅದಕ್ಕೆ ಉರಿದುಹೋದೆ. ರೂಮಿಗೆ ಬಂದ ಮೇಲೆ ಅವನು ಹೇಳಿದ್ದು ಒಂದೇ ಮಾತು. “ನಿಮ್ಮಪ್ಪಂಗೆ ಹೇಳ್ಬೇಡ ಕಣೇ. ಬಂದು ಕರ್ಕೊಂಡು ಹೋಗ್ಬಿಡ್ತಾರೆ.” ಕರೆದುಕೊಂಡು ಹೋಗಲಿ ಎಂದೇ ನನಗೂ ಅನ್ನಿಸುತ್ತಿತ್ತು. ಸುಳ್ಳು ಹೇಳಿದವನ ಮುಖ ನೋಡಲಾರೆ ಎಂದು ಕೂಗಾಡಿದೆ. ಫೋನು ಕೈಯಲ್ಲಿ ಹಿಡಿದು ಕೂತೆ, ಒತ್ತಲಿಲ್ಲ.

ಕಾರು ಊರು ಸೇರಬೇಕಲ್ಲ. ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿ, ಕಾರಿನ ವಿಷಯ ಬಲ್ಲವರೊಬ್ಬರಿದ್ದಾರೆ ಎಂದು ಶೀನಣ್ಣನನ್ನು ಕಳಿಸಿದರು. ಅವರು ಕಾರಿಗೆ ಒಂದು ಸುತ್ತು ಬಂದು, ಬಾನೆಟ್ ತಟ್ಟಿ ಹೇಳಿದರು. “ನಾನು ಕಾರು ಬಿಡುದಿಲ್ಲ. ಡ್ರೈವರ್ ಬೇಕಾದ್ರೆ ಸಂತೆಕಟ್ಟೆಯಲ್ಲಿ ಎಷ್ಟು ಜನ ಬೇಕಾದ್ರೂ ಸಿಗ್ತಾರೆ. ಕಲಿಯುದಾದ್ರೆ ಮಾತ್ರ ನಾನು. ಲೈಸೆನ್ಸ್ ಉಂಟಾ ನಿಮಗೆ?”

ಇತ್ತು. ಲೈಸೆನ್ಸ್ ಇತ್ತು, ಓಡಿಸಲು ಬರುತ್ತಿರಲಿಲ್ಲ. ಡಿಗ್ರಿ ಮುಗಿಸಿದ ವರ್ಷ ಅಪ್ಪ ಮಾಡಿಸಿ ಕೊಟ್ಟದ್ದು ಪರ್ಸಿನಲ್ಲಿ ಗುರುತಿನ ಚೀಟಿಯಾಗಿ ಉಳಿದಿತ್ತು. ಡ್ರೈವರ್ ಬಂದರೆ ಹಾಸನದವರೆಗೆ ನಾನು ಹಿಂದಿನ ಸೀಟಿನಲ್ಲಿ ಪ್ರಶಾಂತನ ಪಕ್ಕ ಕೂರಬೇಕಾಗುತ್ತದೆ ಎಂದು ಹೊಳೆದದ್ದೇ, “ಕಲೀತೀನಿ” ಎಂದೆ. ಶುದ್ಧ ಹಟ, ಬೇರೇನಲ್ಲ.

ಹಾಗೆ ನಮ್ಮ ಹನಿಮೂನಿನ ಕೊನೆಯ ದಿನಗಳು ಅಲೆವೂರಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಕಳೆದವು. ಮುಂದೆ ನಾವಿಬ್ಬರು, ಹಿಂದೆ ಪ್ರಶಾಂತ. ನಾನು ಅವನೊಂದಿಗೆ ಮಾತು ಬಿಟ್ಟಿದ್ದೆ. ಶೀನಣ್ಣನಿಗೆ ಎಲ್ಲವೂ ಗೊತ್ತಿತ್ತು, ಯಜಮಾನಿ ಹೇಳಿದ್ದರು. ಆದರೂ ರಾಜಿ ಮಾಡಿಸುವ ಹಿರಿಯರ ದನಿ ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ನಾನು ಗೇರನ್ನು ಕಿತ್ತು ಬರುವ ಹಾಗೆ ಎಳೆದರೆ, “ಗೇರು ನಿಮಗೆ ಎಂತ ಮಾಡಿದೆ? ಸಿಟ್ಟು ಇದ್ದವರ ಮೇಲೆ ತೀರಿಸಿ, ಅವರು ಹಿಂದೆಯೇ ಇದ್ದಾರಲ್ವಾ” ಎನ್ನುತ್ತಿದ್ದರು. ಎದುರಿನಿಂದ ಬಸ್ಸು ಬಂದು ನಾನು ಸ್ಟೇರಿಂಗನ್ನು ಹಿಂಡತೊಡಗಿದರೆ, “ಹಿಡಿಯುದು ಸಾಕು, ಅದು ಓಡಿ ಹೋಗುದಿಲ್ಲ” ಎಂದು ಆಕಳಿಸುತ್ತಿದ್ದರು. ಮಧ್ಯಾಹ್ನ ಆಗುತ್ತಲೇ ಪಾಠ ಬಂದ್. “ನಮ್ಮ ಬೇಬಿ ಗಂಜಿ ಮಾಡಿ ಕಾಯ್ತಾಳೆ. ತಡ ಆದ್ರೆ ನೂರು ಪ್ರಶ್ನೆ ಕೇಳ್ತಾಳೆ.” ಬೇಬಿ ಎಂದರೆ ಅವರ ಹೆಂಡತಿ.

ಹೈವೇಗೆ ಹೋಗುವ ದಿನ ಬಂತು. ಸಂತೆಕಟ್ಟೆಯ ಹತ್ತಿರ, ಏರಿನಲ್ಲಿ, ವಾಹನಗಳ ಸಾಲಿನ ನಡುವೆ ಎಂಜಿನ್ ನಿಂತಿತು. ಹಿಂದೆ ಮೂತಿ ತಾಗಿಸುವಷ್ಟು ಹತ್ತಿರ ಒಂದು ಲಾರಿ. ಕ್ಲಚ್ ಒತ್ತಿ ಬ್ರೇಕ್ ಬಿಟ್ಟೆ, ಕಾರು ಹಿಂದಕ್ಕೆ ಜಾರಿತು. ಶೀನಣ್ಣ ಹ್ಯಾಂಡ್‌ಬ್ರೇಕ್ ಎಳೆದರು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ನಿಂತಿತು. ಹಾರ್ನುಗಳು ಒಟ್ಟಿಗೆ ಶುರುವಾದವು. ಯಾವ ಪೆಡಲ್ ಯಾವುದು ಎಂದೇ ತಿಳಿಯದಾಯಿತು. “ನೀವು ತಗೊಳ್ಳಿ ಶೀನಣ್ಣ, ದಮ್ಮಯ್ಯ, ನೀವು ಈ ಕಡೆ ಬನ್ನಿ!” ಎಂದು ಅತ್ತೆ.

“ಇಲ್ಲ” ಎಂದರು.

“ನಾನು ತಗೋತೀನಿ, ಇಳಿ” ಎಂದು ಪ್ರಶಾಂತ ಹಿಂದಿನ ಬಾಗಿಲು ತೆರೆದ.

“ಕೂತ್ಕೊಳ್ಳಿ!” ಶೀನಣ್ಣ ಅಬ್ಬರಿಸಿದ ಆ ದನಿ ಅಲೆಗಳ ಮೇಲೆ ಕೂಗಿ ಅಭ್ಯಾಸವಾದದ್ದು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಆಮೇಲೆ ನನ್ನ ಕಡೆ ತಿರುಗಿ, ಮಗುವಿಗೆ ಊಟ ಮಾಡಿಸುವಷ್ಟು ಮೆತ್ತಗೆ ಹೇಳಿದರು. “ಲಾರಿಯವನು ಮೇಲೆ ಹತ್ತಿಸುದಿಲ್ಲ, ಅವನಿಗೂ ಮನೆ ಉಂಟು. ಕ್ಲಚ್ ಒತ್ತಿ. ಕೀಲಿ. ಈಗ ಆಕ್ಸಿಲರೇಟರ್ ಸ್ವಲ್ಪ ಕೊಡಿ, ಕ್ಲಚ್ ನಿಧಾನ ಬಿಡಿ. ಕಾರು ಮುಂದೆ ಎಳೀಲಿಕ್ಕೆ ನೋಡ್ತದೆ, ಗೊತ್ತಾಗ್ತದಾ? ಆಗ ನಾನು ಬ್ರೇಕ್ ಬಿಡ್ತೇನೆ.” ಗೊತ್ತಾಯಿತು. ಕಾರು ಏರಿತು.

ಏರು ದಾಟಿ ಒಂದು ಮರದ ಕೆಳಗೆ ನಿಲ್ಲಿಸಲು ಹೇಳಿದರು. ನನಗೆ ಅವರ ಮೇಲೇ ಕೋಪ ಬಂದಿತ್ತು. ಜೀವ ಹೋಗುವಾಗಲೂ ಮುಟ್ಟದ ನಿಮ್ಮದೆಂಥ ವ್ರತ ಎಂದು ಕೇಳಿಯೇಬಿಟ್ಟೆ. ಅವರು ಕನ್ನಡಿಯಲ್ಲಿ ಪ್ರಶಾಂತನನ್ನು ನೋಡುತ್ತಾ ಉತ್ತರ ಕೊಟ್ಟರು.

“ನನಗೆ ತಲೆ ಸುತ್ತು ಉಂಟು. ಒಮ್ಮೆಗೇ ಬರ್ತದೆ, ಕಣ್ಣು ಕಪ್ಪು ಆಗ್ತದೆ. ಬೋಟಿನಲ್ಲಿ ಇರುವಾಗಲೇ ಶುರು ಆದದ್ದು. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಮತ್ತೆ ಬೋಟು ಯಾರು ಕೊಡ್ತಾರೆ? ಒಂದು ದಿನ ಚುಕ್ಕಾಣಿಯಲ್ಲೇ ಬಿದ್ದೆ. ನಮ್ಮ ಬೋಟು ಪಕ್ಕದ ಬೋಟಿಗೆ ಹೋಗಿ ಗುದ್ದಿತು. ನಡುವೆ ನಮ್ಮ ಬೋಟಿನ ಒಬ್ಬನ ಬಲಗೈ ಸಿಕ್ಕಿ ಹೋಯ್ತು. ಎಂಜಿನ್ ಕೈ ಕೊಟ್ಟದ್ದು ಅಂತ ಎಲ್ಲರೂ ಹೇಳಿದ್ರು. ನಾನೂ ಹೌದು ಅಂದೆ.”

ನಾನು ಎಂಜಿನ್ ಆರಿಸಿದೆ.

“ಹೇಳದವನಿಗೆ ಎಷ್ಟು ಹೆದರಿಕೆ ಇರ್ತದೆ ಅಂತ ನನಗೆ ಗೊತ್ತುಂಟು. ಹಾಗಂತ ಮಾಡಿದ್ದು ಸರಿ ಆಗುದಿಲ್ಲ” ಎಂದು ಪ್ರಶಾಂತನಿಗೆ ನೇರವಾಗಿ ಹೇಳಿದರು. “ನೀವು ಮಾತ್ರೆ ನುಂಗಿ. ಇವರ ಎದುರೇ ನುಂಗಿ.” ಮತ್ತೆ ನನಗೆ, “ನಿಮಗೆ ನಾನು ಎಂತದೂ ಹೇಳುದಿಲ್ಲ. ಕಾರು ಬಿಡ್ಲಿಕ್ಕೆ ಬಂತಲ್ಲ, ಯಾವ ಮನೆಗೆ ಬೇಕಾದ್ರೂ ಬಿಟ್ಕೊಂಡು ಹೋಗಿ.” ಅಷ್ಟು ಹೇಳಿ ಇಳಿದು, ಬೆನ್ನು ತಿರುಗಿಸಿ ಬೀಡಿ ಹಚ್ಚಿಕೊಂಡರು. ಆ ದಿನಗಳಲ್ಲಿ ನನ್ನ ನಿರ್ಧಾರವನ್ನು ನನಗೇ ಬಿಟ್ಟವರು ಅವರೊಬ್ಬರೇ. ಅದಕ್ಕಾಗಿ ನಾನು ಅವರನ್ನು ಈಗಲೂ ಪ್ರೀತಿಸುತ್ತೇನೆ.

ಹೊರಡುವ ದಿನ ಕಾರ್ಕಳದವರೆಗೆ ಜೊತೆಗೆ ಬಂದರು. ಮಣಿಪಾಲದ ಗುಡ್ಡ ಹತ್ತಿ, ಪರ್ಕಳ ದಾಟಿ, ಹಿರಿಯಡ್ಕದಲ್ಲಿ ಕಾರ್ಕಳದ ಕಡೆಗೆ ತಿರುಗಿಸಿ ಓಡಿಸಿಕೊಂಡು ಬಂದದ್ದು ನಾನೇ. ಎರಡು ಕಡೆ ಮಾತ್ರ ಎಂಜಿನ್ ನಿಂತಿತು. ಕಾರ್ಕಳದಲ್ಲಿ ಒಂದು ಹೋಟೆಲಿನೆದುರು ನಿಲ್ಲಿಸಿ ಬನ್ಸ್ ತಿನ್ನುತ್ತಿರುವಾಗ ನನ್ನ ಫೋನು ಹೊಡೆದುಕೊಂಡಿತು. ಅಪ್ಪ. “ಎಲ್ಲಿದೀರಾ? ಘಾಟಿ ಹತ್ತೋವಾಗ ಹುಷಾರು ಅನ್ನು ಪ್ರಶಾಂತಂಗೆ” ಎಂದರು. ನಾನು ಫೋನನ್ನು ಮೇಜಿನ ಮೇಲೆ ಪ್ರಶಾಂತನ ಕಡೆ ಸರಿಸಿದೆ. ಅವನು ತೆಗೆದುಕೊಳ್ಳದಿದ್ದರೆ ಅಲ್ಲಿಂದಲೇ ಅರಸೀಕೆರೆಗೆ ಹೋಗುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಅವನಿಗೂ ಅದು ಗೊತ್ತಿತ್ತು ಅನ್ನಿಸುತ್ತದೆ. ಅಪ್ಪ “ಹಲೋ, ಹಲೋ” ಎನ್ನುತ್ತಲೇ ಇದ್ದರು. ಶೀನಣ್ಣ ಬನ್ಸ್ ಮುರಿಯುವುದನ್ನು ನಿಲ್ಲಿಸಿದ್ದರು.

ಪ್ರಶಾಂತ ಫೋನು ಎತ್ತಿಕೊಂಡ. “ಮಾವ, ಒಂದು ವಿಷಯ ಮುಚ್ಚಿಟ್ಟಿದ್ದೆ” ಎಂದು ಶುರು ಮಾಡಿ, ಕಾಲೇಜಿನಿಂದ ಹಿಡಿದು ಕಾಪುವಿನವರೆಗೆ, ತಂದಿರದ ಮಾತ್ರೆಯವರೆಗೆ, ಒಂದನ್ನೂ ಬಿಡದೆ ಹೇಳಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು, ಅವನು ನಿಲ್ಲಿಸಲಿಲ್ಲ. ಫೋನು ನನ್ನ ಕೈಗೆ ವಾಪಸು ಬಂದಾಗ ಅಪ್ಪ ಕೇಳಿದ್ದು ಇಷ್ಟೇ: “ನಾನು ಬರ್ಲಾ ಮಗಳೇ?” ನಾನು ಹೇಳಿದೆ, “ಬೇಡಪ್ಪ. ನಾನೇ ಓಡಿಸ್ಕೊಂಡು ಬರ್ತಿದೀನಿ. ಘಾಟಿಗೆ ಮಾತ್ರ ಒಬ್ಬ ಡ್ರೈವರ್ ಕಳ್ಸಿ.” ಹೇಳಿದ ಮೇಲೆ ಅಳು ಬಂತು.

ಶೀನಣ್ಣ ಉಡುಪಿಯ ಬಸ್ಸು ಹತ್ತುವ ಮೊದಲು ಕಿಟಕಿಯ ಹತ್ತಿರ ಬಂದು, “ನಿಧಾನ ಹೋಗಿ. ಹಾರ್ನ್ ಹೊಡಿಯುವವರು ಹೊಡೀಲಿ, ಅವರ ಬ್ಯಾಟರಿ” ಎಂದರು. ಹೊರಗೆ ನಿಂತಿದ್ದ ಪ್ರಶಾಂತನ ಬೆನ್ನಿಗೆ ಒಂದು ಏಟು ಕೊಟ್ಟರು. ಅದು ಮೆಚ್ಚುಗೆಯದೋ ಸಿಟ್ಟಿನದೋ ತಿಳಿಯಲಿಲ್ಲ, ಶಬ್ದವಂತೂ ಜೋರಾಗಿಯೇ ಬಂತು.

ಮರುವರ್ಷ ಮತ್ತೆ ಮಲ್ಪೆಗೆ ಹೋದೆವು. ಘಾಟಿಯಲ್ಲೂ ನಾನೇ ಕಾರು ಇಳಿಸಿದ್ದೆ, ಅದನ್ನು ಅವರಿಗೆ ಹೇಳಿ ಹೊಗಳಿಸಿಕೊಳ್ಳಬೇಕಿತ್ತು. ಡಿಕ್ಕಿಯಲ್ಲಿ ಒಂದು ಚೀಲ ಹಾಸನದ ಆಲೂಗಡ್ಡೆ. ಬಂದರಿನ ಹಿಂದಿನ ಓಣಿಯಲ್ಲಿ ಮನೆ ಹುಡುಕಿ ಬಾಗಿಲು ತಟ್ಟಿದರೆ ಬೇಬಿಯಕ್ಕ ಬಂದರು. ಗೋಡೆಯ ಮೇಲೆ ಹಾರ ಹಾಕಿದ ಶೀನಣ್ಣನ ಫೋಟೊ.

“ಮಳೆಗಾಲ ಕಳೆದು ಬೋಟು ನೀರಿಗೆ ಇಳಿಸುವ ಸಮಯ” ಎಂದರು. “ಬಂದರಿನ ದಕ್ಕೆಗೆ ಹೋಗಿದ್ರು, ಕಟ್ಟೆಗೆ ಕಟ್ಟಿದ ಬೋಟು ನೋಡ್ಲಿಕ್ಕೆ. ಅಲ್ಲಿ ಎಲ್ಲ ಮೀನಿನ ನೀರು ಅಲ್ವಾ, ಕಾಲು ಜಾರಿತು. ಬೋಟಿಗೂ ದಕ್ಕೆಗೂ ನಡುವೆ ಬಿದ್ರು. ಅಷ್ಟು ವರ್ಷ ಸಮುದ್ರದಲ್ಲಿ ಜಾರದ ಕಾಲು, ನೋಡಿ.” ನಾನು ಪ್ರಶಾಂತನನ್ನು ನೋಡಲಿಲ್ಲ. ಅವನೂ ನನ್ನನ್ನು ನೋಡಲಿಲ್ಲ.

ಬೇಬಿಯಕ್ಕ ಚಾ ತಂದಿಟ್ಟು ನೆಲದ ಮೇಲೆ ಕೂತರು. “ನಿಮ್ಮ ವಿಷಯ ತುಂಬ ಹೇಳ್ತಿದ್ರು. ಹಾಗೆ ಒಂದು ಕೇಳ್ತೇನೆ. ಬೋಟು ಬಿಟ್ಟದ್ದು ಸೊಂಟ ನೋವಿಗೆ ಅಂತ ನನಗೆ ಹೇಳಿದ್ದು. ನನಗೆ ಆವತ್ತಿಂದಲೂ ಒಂದು ಸಂಶಯ. ನಿಮ್ಮ ಹತ್ರ ಬೇರೆ ಎಂತಾದ್ರೂ ಹೇಳಿದ್ರಾ?”

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬೇಕೆಂದಿದ್ದರೆ ಹೇಳಬಹುದಿತ್ತು. ಆ ಹೆಂಗಸು ದಕ್ಕೆಯ ನೀರನ್ನು ಬಯ್ದುಕೊಂಡು ಹೇಗೋ ದಿನ ತಳ್ಳುತ್ತಿದ್ದರು. ತಲೆ ಸುತ್ತಿನ ವಿಷಯ ನಾನು ಹೇಳಿದರೆ ಇನ್ನು ಬಯ್ಯಲು ಉಳಿಯುವುದು ಶೀನಣ್ಣ ಒಬ್ಬರೇ.

“ಸೊಂಟ ನೋವೇ ಅಕ್ಕ” ಎಂದೆ. “ನಮಗೂ ಹಾಗೇ ಹೇಳಿದ್ರು.”

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಹೌದಾ” ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಪ್ರಶಾಂತ ಆಲೂಗಡ್ಡೆ ಚೀಲ ತರುತ್ತೇನೆಂದು ಎದ್ದು ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ.