ಹಳೇಬೀಡು ರಸ್ತೆಯ ಒಬ್ಬ ಬಳಕೆದಾರರು

ಕಳೆದ ವಾರ ಪಕ್ಕದ ಸೈಟಿನಲ್ಲಿ ಬಾಗಿಲು ಕೂರಿಸುವ ಕೆಲಸ ನಡೆದಿತ್ತು. ಅರಸೀಕೆರೆಯ ಈ ಬಡಾವಣೆಯಲ್ಲಿ ಸದಾ ಒಂದಲ್ಲ ಒಂದು ಮನೆ ಏಳುತ್ತಿರುತ್ತದೆ. ಆ ಸದ್ದಿಗೆ ನಾನು ಕಿವಿಗೊಡುವುದಿಲ್ಲ. ಆದರೆ ಅಂದು ಮೊಂಡಾದ ಬ್ಲೇಡಿಗೆ ಸಿಕ್ಕಿ ಹಲಸಿನ ಮರ ಸೀದ ವಾಸನೆ ಕಿಟಕಿಯಿಂದ ಒಳಗೆ ಬಂತು. ಒಂದಿಷ್ಟು ಸಿಹಿ, ಒಂದಿಷ್ಟು ಕಮಟು. ಮುಂದಿನ ಬಿಡುಗಡೆಯ ಟಿಪ್ಪಣಿ ಬರೆಯುತ್ತ ಕೂತಿದ್ದ ನನ್ನ ಕೈ ನಿಂತುಬಿಟ್ಟಿತು. ಆಮೇಲೆ ಆ ದಿನ ಏನೂ ಬರೆಯಲಾಗಲಿಲ್ಲ...

ಬಿಡುಗಡೆ ಎಂದರೆ ತಂತ್ರಾಂಶದ ಬಿಡುಗಡೆ. ಹಗಲು ನಾನು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಪಾಠ ಹೇಳುತ್ತೇನೆ. ಉಳಿದ ಹೊತ್ತಿನಲ್ಲಿ, ಬಹಳ ವರ್ಷಗಳಿಂದ, ಒಂದು ಫ್ರೇಮ್‌ವರ್ಕ್ ನೋಡಿಕೊಳ್ಳುತ್ತಿದ್ದೇನೆ. ಒಮ್ಮೆ ಬರೆದ ಪ್ರೋಗ್ರಾಂ ಹತ್ತಾರು ಬಗೆಯ ಕಂಪ್ಯೂಟರುಗಳ ಮೇಲೆ ಓಡಬೇಕಾದರೆ ಕೆಳಗೆ ನಿಂತು ಅದನ್ನು ಹೊರುವ ತಂತ್ರಾಂಶ ಅದು. ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನೋಡಿಕೊಳ್ಳುವವರು ಮೊದಲಿಗೆ ನಾವು ಐದು ಜನ, ಐದು ಕಡೆ ಇರುವವರು, ಒಬ್ಬರನ್ನೊಬ್ಬರು ಕಂಡವರಲ್ಲ. ಹೊಸ ಆವೃತ್ತಿ ಹೊರಬರುವ ಮುನ್ನ ಪ್ರತಿಯೊಂದು ಬಗೆಯ ಕಂಪ್ಯೂಟರಿನ ಮೇಲೂ ಅದನ್ನು ಓಡಿಸಿ ನೋಡಬೇಕು. ಎಲ್ಲಕ್ಕಿಂತ ಹಳೆಯ ಆಪರೇಟಿಂಗ್ ಸಿಸ್ಟಂ ನನ್ನ ಪಾಲಿಗೆ ಬಂದಿತ್ತು.

ಆಗ ನಾನು ಬೇಲೂರಿನಲ್ಲಿದ್ದೆ. ಹಳೇಬೀಡು ರಸ್ತೆಯಲ್ಲಿ, ಊರು ದಾಟಿದ ಮೇಲೆ ಎಡಕ್ಕೆ, ತಗಡಿನ ಶೆಡ್ಡೊಂದರಲ್ಲಿ ಆಚಾರ್ರೊಬ್ಬರು ಹಲಸಿನ ಮರದ ಬಾಗಿಲು ಮಾಡುತ್ತಿದ್ದರು; ಶೆಡ್ಡಿಗೆಲ್ಲ ಅದೇ ವಾಸನೆ. ಮರದ ಮೇಲೆ ಕಂಪ್ಯೂಟರಿನಿಂದ ಚಿತ್ತಾರ ಕೊರೆಯುವ ಮಿಷನ್ನು ಅವರಲ್ಲಿತ್ತು. ಅದಕ್ಕೆ ಚಿತ್ರ ಬರೆಯಲು ಅವರು ಬಳಸುತ್ತಿದ್ದುದು ನಮ್ಮ ಫ್ರೇಮ್‌ವರ್ಕಿನ ಜೊತೆಗೇ ಕೊಡುತ್ತಿದ್ದ ಒಂದು ಚಿಕ್ಕ ಪ್ರೋಗ್ರಾಂ. ನನ್ನ ಬಾಡಿಗೆ ಮನೆಯ ಮಾಲೀಕರು ಮಾಡಿಸುತ್ತಿದ್ದ ಬಾಗಿಲು ನೋಡಲು ಅವರ ಜೊತೆಗೆ ಹೋಗಿದ್ದ ನಾನು ಪರದೆಯ ಮೂಲೆಯಲ್ಲಿ ನಮ್ಮ ಗುರುತು ಕಂಡು ಅಲ್ಲೇ ನಿಂತುಬಿಟ್ಟೆ. ನಾನು ಮಾಡಿದ್ದನ್ನು ಬಳಸುವ ಮನುಷ್ಯನನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಅವರ ಬಲಗೈ ನಡುಗುತ್ತಿತ್ತು. ಐವತ್ತು ದಾಟಿದ ಮೇಲೆ ಶುರುವಾದದ್ದಂತೆ. ಉಳಿ ಹಿಡಿದರೆ ಮರದ ಮೇಲೆ ನಿಲ್ಲುತ್ತಿರಲಿಲ್ಲ. ಆ ಮಿಷನ್ನು ತಂದದ್ದೇ ಅದಕ್ಕೆ. ಎಡಗೈಯಲ್ಲಿ ಮೌಸ್ ಹಿಡಿದು, ಒಂದೊಂದೇ ಗೆರೆ, ಒಂದು ಬಳ್ಳಿಗೆ ಅರ್ಧ ದಿನ ಹಿಡಿದು ಬರೆಯುತ್ತಿದ್ದರು. "ಉಳಿ ಜಾರಿದ್ರೆ ಮರ ಹೋಯ್ತು. ಇದ್ರಾಗೆ ಜಾರಿದ್ರೆ ಅಳಿಸಬೋದು" ಎಂದಿದ್ದರು ಒಮ್ಮೆ. ಕಂಪ್ಯೂಟರ್ ತೀರ ಹಳೆಯದು, ಅದರಲ್ಲಿದ್ದದ್ದು ನನ್ನ ಪಾಲಿಗೆ ಬಂದಿದ್ದ ಆ ಹಳೆಯ ಸಿಸ್ಟಮ್ಮೇ. ಮಿಷನ್ನಿನ ತಂತಿ ಸೇರುವ ಅಗಲವಾದ ಕಿಂಡಿ ಹೊಸವುಗಳಲ್ಲಿ ಇರುವುದಿಲ್ಲವಾದ್ದರಿಂದ ಅದನ್ನು ಬದಲಿಸುವಂತಿರಲಿಲ್ಲ.

ಅಂದಿನಿಂದ ಪ್ರತಿ ಬಿಡುಗಡೆಗೆ ಮುಂಚೆ ಪರೀಕ್ಷೆಯ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶೆಡ್ಡಿಗೆ ಹೋಗುವುದು ರೂಢಿಯಾಯಿತು. ಅವರು ಚೂರು ಹಲಗೆಯೊಂದರ ಮೇಲೆ ಎರಡೆಲೆಯ ಬಳ್ಳಿ ಕೊರೆಸಿ, ಹೆಬ್ಬೆರಳಿನಿಂದ ಸವರಿ ನೋಡಿ, ಸರಿ ಇದ್ದರೆ ತಲೆಯಾಡಿಸುತ್ತಿದ್ದರು. ನಾನೇನು ಮಾಡುತ್ತೇನೆಂದು ಕೇಳಿ ತಿಳಿದುಕೊಂಡ ದಿನ ತುಂಬ ನಕ್ಕರು.

"ಅಂದ್ರೆ ಬಾಗ್ಲು ಒಂದೇ, ಊರಿನ್ ಎಲ್ಲಾರ್ ಮನೆ ಚೌಕಟ್ಟಿಗೂ ಕೂರಬೇಕು ಅಂತೀರ. ಗೋಡೆ ಸೊಟ್ಟಗಿದ್ರೋ?"

"ಸೊಟ್ಟಗೇ ಇರುತ್ತೆ. ಪ್ರತಿ ಸಲ ಉಜ್ಜಬೇಕು."

"ದುಡ್ಡಿಲ್ದೆ ಉಜ್ತೀರಲ್ಲ ಮೇಷ್ಟ್ರೇ, ನಿಮ್ಗೇನ್ ಹರಕೆಯಾ?" ಎಂದದ್ದು ಅವರ ಹೆಂಡತಿ. ಶೆಡ್ಡಿನ ಹಿಂದೆಯೇ ಮನೆ. ಕಾಫಿ ತಂದುಕೊಟ್ಟು, ಒಂದು ಮಾತು ಕುಟುಕದೆ ಅವರು ಹೋದದ್ದು ನನಗೆ ನೆನಪಿಲ್ಲ.

ಒಂದು ಸಲ ಆಚಾರ್ರ ಹೆಬ್ಬೆರಳು ಎಲೆಯ ಅಂಚಿನಲ್ಲಿ ನಿಂತಿತು. "ನಿಮ್ಮ ಗೆರೆ ಇಲ್ಲಿ ಎಡವ್ತೈತೆ" ಅಂದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿಟ್ಟು ನೋಡಿದೆ. ಕೂದಲೆಳೆಯಷ್ಟು ಏಣು. ಮನೆಗೆ ಬಂದು ನಾಲ್ಕು ದಿನ ಹುಡುಕಿದ ಮೇಲೆ ಗೊತ್ತಾಯಿತು: ಹಳೆಯ ಸಿಸ್ಟಂನಲ್ಲಿ ಮಾತ್ರ ವಕ್ರರೇಖೆಯ ಲೆಕ್ಕ ಒಂದು ಕಡೆ ತಪ್ಪುತ್ತಿತ್ತು. ನಮ್ಮ ಐವರಲ್ಲಿ ಯಾರಿಗೂ ಕಾಣದ ತಪ್ಪು. ಸರಿಪಡಿಸಿ, ಆ ಬಿಡುಗಡೆಯ ಟಿಪ್ಪಣಿಯಲ್ಲಿ "ತಿಳಿಸಿದವರು: ಒಬ್ಬ ಬಳಕೆದಾರರು" ಎಂದು ಬರೆದೆ. ಹೆಸರು ಹಾಕಲೇ ಎಂದು ಕೇಳಿದ್ದಕ್ಕೆ ಅವರು ಬೇಡವೆಂದಿದ್ದರು.

ಇಲ್ಲಿಂದ ಮುಂದಿನದನ್ನು ನಾನು ಆದಷ್ಟು ಸರಿಯಾಗಿ ಬರೆಯಬೇಕು.

ನಮ್ಮಲ್ಲಿ ಇಬ್ಬರು ಬಿಟ್ಟುಹೋಗಿದ್ದರು. ಉಳಿದ ಮೂವರ ಮೇಲೆ ದೂರುಗಳು ಬಂದು ಬೀಳುತ್ತಿದ್ದವು. ಕಂಡರಿಯದ ಜನ, ಕೇಳುವ ಧಾಟಿ ಮಾತ್ರ ನಮ್ಮನ್ನು ಸಂಬಳಕ್ಕೆ ಇಟ್ಟುಕೊಂಡವರದು. ಆ ಹಳೆಯ ಸಿಸ್ಟಂ ಒಂದಕ್ಕೇ ಪ್ರತಿ ಬಿಡುಗಡೆಯಲ್ಲಿ ಹತ್ತು ದಿನ ಹೋಗುತ್ತಿತ್ತು. ನನಗೆ ಸಾಕಾಗಿತ್ತು. ಕಂಪ್ಯೂಟರ್ ತೆರೆಯುವ ಮುನ್ನವೇ ಆಯಾಸವಾಗುತ್ತಿತ್ತು. ಅದಕ್ಕೆ ಬೆಂಬಲ ನಿಲ್ಲಿಸೋಣವೆಂದು ಮೊದಲು ಹೇಳಿದವನು ನಾನೇ. ಉಳಿದಿಬ್ಬರು ಒಪ್ಪಿದರು.

ಶೆಡ್ಡಿಗೆ ಹೋಗಿ ಆಚಾರ್ರಿಗೆ ಹೇಳಿದೆ. ಅವರು ಮಿಷನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ಎಷ್ಟ್ ದಿನ ಹಿಡೀತೈತೆ ಅದೊಂದಕ್ಕೆ?"

"ಹತ್ತು."

"ನನ್ನೊಬ್ಬನ ದೆಸೆಯಿಂದ ಹತ್ ದಿನಾನಾ? ಬಿಟ್ಬಿಡಿ ಮೇಷ್ಟ್ರೇ. ಇರೋದ್ರಾಗೆ ನಡೀತೈತೆ."

ಅವರು ಸಂಕೋಚದಿಂದ ಹೇಳಿದ್ದು ನನಗೆ ಆಗಲೇ ಗೊತ್ತಿತ್ತು. ನಮ್ಮ ಕಡೆ ಊಟಕ್ಕೆ ಕರೆದರೆ ಯಾರೂ ಮೊದಲ ಸಲಕ್ಕೆ ಹ್ಞೂಂ ಅನ್ನುವುದಿಲ್ಲ. ಎರಡನೆಯ ಸಲ ಕೇಳಬೇಕು, ಮೂರನೆಯ ಸಲ ಎದ್ದುನಿಂತು ಕೇಳಬೇಕು. ನಾನು ಎರಡನೆಯ ಸಲ ಕೇಳಲಿಲ್ಲ.

ಯಾವುದೇ ಸಿಸ್ಟಂಗೆ ಬೆಂಬಲ ನಿಲ್ಲಿಸುವ ಮುನ್ನ ನಮ್ಮಲ್ಲಿ ಒಂದು ಅರ್ಜಿ ತುಂಬಬೇಕು. ಅದರಲ್ಲೊಂದು ಪ್ರಶ್ನೆ: ಇದನ್ನು ಈಗಲೂ ಬಳಸುತ್ತಿರುವವರು ಯಾರಾದರೂ ಗೊತ್ತೇ? ಒಬ್ಬರಿದ್ದರೂ ಹಳೆಯ ಪ್ರತಿಗಳನ್ನು ನಮ್ಮ ವೆಬ್ ಪುಟದಲ್ಲಿ ಉಳಿಸಬೇಕು, ಇನ್ನೊಂದು ವರ್ಷ ರಿಪೇರಿ ಮಾಡಿಕೊಡುತ್ತಿರಬೇಕು. ಇನ್ನೊಂದು ವರ್ಷ... ನಾನು "ಯಾರೂ ಗೊತ್ತಿಲ್ಲ" ಎಂದು ಬರೆದೆ. ಯಾರೂ ನನ್ನನ್ನು ಒತ್ತಾಯಿಸಿರಲಿಲ್ಲ. ಆಚಾರ್ರ ಮನೆಯ ಕಾಫಿ ಕುಡಿದು ಬಂದು ಎರಡು ದಿನವೂ ಆಗಿರಲಿಲ್ಲ.

ಆಮೇಲೆ ನನಗೆ ಅರಸೀಕೆರೆಗೆ ವರ್ಗವಾಯಿತು. ಒಂದೂವರೆ ವರ್ಷ ಆ ಕಡೆ ಹೋಗಲಿಲ್ಲ. ಕೆಲಸವಿತ್ತು ಎನ್ನಬಹುದು. ಹೋಗಲು ಮನಸ್ಸಿರಲಿಲ್ಲ ಎನ್ನುವುದು ಹೆಚ್ಚು ಸರಿ. ಕೊನೆಗೆ ಒಂದು ಭಾನುವಾರ ಹೋದಾಗ ಶೆಡ್ಡಿನಲ್ಲಿ ಮಿಷನ್ನು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ರಾಗಿ ಮೂಟೆ ಪೇರಿಸಿದ್ದರು.

ಏನಾಯಿತೆಂದು ಹೇಳಿದವರು ಆಚಾರ್ರ ಹೆಂಡತಿ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಕೆಟ್ಟಿತ್ತು. ಹಾಸನದಿಂದ ಬಂದ ರಿಪೇರಿಯವನು ಬೇರೆ ಡಿಸ್ಕ್ ಹಾಕಿ, ಅದೇ ಹಳೆಯ ಸಿಸ್ಟಂ ಕೂರಿಸಿ, ನಮ್ಮ ಪುಟಕ್ಕೆ ಹೋಗಿ ನೋಡಿದ. ಹಳೆಯ ಪ್ರತಿ ಇರಲಿಲ್ಲ. ಹೊಸದನ್ನು ಹಾಕಿದರೆ, ಈ ಕಂಪ್ಯೂಟರಿನಲ್ಲಿ ಇದು ಓಡುವುದಿಲ್ಲ ಎಂದು ಪರದೆಯ ಮೇಲೆ ಬಂತು. ಆ ವಾಕ್ಯ ಬರೆದವನೂ ನಾನೇ. ಹಳೆಯ ಪ್ರತಿ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಒಂದು ಫೋನು ಮಾಡಿದ್ದರೆ ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಹಾಕಿಕೊಡುತ್ತಿದ್ದೆ.

"ಮೇಷ್ಟ್ರನ್ನ ಕೇಳಿ ಅಂತ ನಾ ಬಡ್ಕಂಡೆ. 'ಬಿಟ್ಬಿಡಿ ಅಂತ ಬಾಯಾರೆ ಹೇಳಿವ್ನಿ, ಈಗ ಯಾವ ಮುಖ ಇಟ್ಕಂಡು ಬೇಕು ಅನ್ಲಿ' ಅಂದ್ರು. ಇವರ್ ಮುಖ ಉಳೀತು, ಮಿಷನ್ ಹೋಯ್ತು" ಎಂದರು ಆಕೆ. ಈ ಸಲ ಅದರಲ್ಲಿ ಕುಟುಕು ಇರಲಿಲ್ಲ.

ಅಷ್ಟರಲ್ಲಿ ಆಚಾರ್ರು ಬಂದರು. ಬೇಲೂರಿನಲ್ಲಿ ಬೇರೆಯವರ ಬಾಗಿಲಂಗಡಿಯಲ್ಲಿ ಪಾಲಿಷ್ ಕೆಲಸಕ್ಕೆ ಸೇರಿದ್ದರು. ಉಗುರಿನ ಸಂದಿಯೆಲ್ಲ ಕಂದು. ನನ್ನನ್ನು ಕಂಡು ನಿಜವಾಗಿ ಖುಷಿಪಟ್ಟರು.

"ಉಜ್ಜೋ ಕೆಲಸ ಮೇಷ್ಟ್ರೇ. ಉಳಿ ಹಿಡಿಯೋದಿಲ್ಲ, ಗೆರೆ ಎಳೆಯೋದಿಲ್ಲ. ನಡುಗೋ ಕೈಗೆ ಇದಕ್ಕಿಂತ ಸಲೀಸು ಯಾವ್ದೈತೆ?"

ಹೇಳಿ ನಕ್ಕರು. ನಾನೂ ನಕ್ಕೆ. ಆ ಅರ್ಜಿಯಲ್ಲಿ ಏನು ಬರೆದಿದ್ದೆನೆಂದು ಅವರಿಗೆ ಹೇಳಬೇಕೆಂದೇ ಹೋಗಿದ್ದೆ. ಕೂತೆ, ಕಾಫಿ ಕುಡಿದೆ, ಎದ್ದೆ, ಬಸ್ ನಿಲ್ಲುವ ಜಾಗದವರೆಗೂ ಅವರು ಜೊತೆಗೆ ಬಂದರು. ಹೇಳಲಿಲ್ಲ. ಮುಂದಿನ ಸಲ ಹೇಳಿದರಾಯಿತು ಅಂದುಕೊಂಡೆ...

ಹೋದ ವರ್ಷ ಅವರು ತೀರಿಕೊಂಡರು. ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು.

ಈ ವಾರ, ಆ ವಾಸನೆ ಬಂದು ಮೂರು ದಿನವಾದ ಮೇಲೆ, ಹಳೆಯ ಅರ್ಜಿಯನ್ನು ಹುಡುಕಿ ತೆಗೆದೆ. ನಮ್ಮಲ್ಲಿ ಬರೆದದ್ದನ್ನು ಅಳಿಸಲಾಗುವುದಿಲ್ಲ, ಕೆಳಗೆ ಸೇರಿಸಬಹುದು ಅಷ್ಟೆ. ಸೇರಿಸಿದೆ: "ಮೇಲಿನ ಉತ್ತರ ಸುಳ್ಳು. ಒಬ್ಬ ಬಳಕೆದಾರರಿದ್ದರು. ಅವರು ನನಗೆ ಗೊತ್ತಿದ್ದರು. ಅವರ ಕೆಲಸ ಇದರ ಮೇಲೆ ನಿಂತಿತ್ತು."

ಹಿಂದೆ ಅರ್ಜಿಗೆ ಒಪ್ಪಿಗೆ ಕೊಟ್ಟ ಗೆಳೆಯ ಸಂಜೆಯೊಳಗೆ ಉತ್ತರ ಬರೆದ. ಬೇರೆ ದೇಶದವನು, ಒಳ್ಳೆಯವನು, ಏಕೆಂದು ಕೆದಕಲಿಲ್ಲ. ಆ ಬಳಕೆದಾರರಿಗೆ ಈಗಲೂ ಬೇಕಾಗಿದ್ದರೆ ಹಳೆಯ ಪ್ರತಿಗಳನ್ನು ಮತ್ತೆ ಪುಟಕ್ಕೆ ಹಾಕೋಣವೇ, ಅರ್ಧ ಗಂಟೆಯ ಕೆಲಸ, ಎಂದು ಕೇಳಿದ್ದ.

ಅರ್ಧ ಗಂಟೆ. ಬೇಡ, ಈಗ ಬಳಸುವವರು ಯಾರೂ ಇಲ್ಲ ಎಂದು ಬರೆದು ಕಳಿಸಿದೆ. ಈ ಸಲ ಅದು ನಿಜವಾಗಿತ್ತು.