ಜೇಬಿನಲ್ಲಿ ಉಳಿದ ಕಾಗದ

ನಮ್ಮ ಲಾಂಡ್ರಿಯಲ್ಲಿ ಅಕ್ಕನನ್ನು ಜೇಬಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಅವಳದು ಒಂದೇ ಕೆಲಸ, ಬಟ್ಟೆ ಯಂತ್ರಕ್ಕೆ ಬೀಳುವ ಮೊದಲು ಜೇಬು ತಡಕುವುದು. ಸಿಕ್ಕಿದ್ದನ್ನು ಓದುವಂತಿಲ್ಲ. ಲಕೋಟೆಗೆ ಹಾಕಿ, ಬಟ್ಟೆಯ ನಂಬರು ಬರೆದು ವಾಪಸು ಕೊಡಬೇಕು. ಪ್ರೇಮಪತ್ರ ಸಿಕ್ಕರೂ ಅವಳು ಕಣ್ಣಾಡಿಸಿದವಳಲ್ಲ. ಇಸ್ತ್ರಿ ಮೇಜಿನಲ್ಲಿ ಕೆಲಸ ಮಾಡುವ ನಾನಾಗಿದ್ದರೆ ಊರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ.

ಅಮ್ಮ ಸ್ತನದ ಕ್ಯಾನ್ಸರಿನಿಂದ ಹೋದವಳು. ಅಕ್ಕ ನೂರಾ ಹದಿನೆಂಟು ಕಿಲೋ ಮುಟ್ಟಿದಾಗ, ಇಷ್ಟು ಬೊಜ್ಜಿದ್ದರೆ ಆ ಕಾಯಿಲೆಯ ಅಪಾಯವೂ ಹೆಚ್ಚು ಎಂದರು ಡಾಕ್ಟರು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಳು. ಒಂದೂವರೆ ವರ್ಷದಲ್ಲಿ ನಲವತ್ತು ಕಿಲೋ ಇಳಿಯಿತು. "ಉಳಿದ ಅಕ್ಕ ಎಲ್ಲಿ ಹೋದ್ಲು?" ಎಂದು ರೇಗಿಸಿದರೆ ನಗುತ್ತಿದ್ದಳು. ಆಮೇಲೆ ಒಂದು ದಿನ ಆ ನಗು ನಿಂತಿತು.

ಕಾರಣ ತಿಳಿದದ್ದು ಒಂದು ಮಂಗಳವಾರ. ಒಗೆದು ಒಣಗಿದ ಅವಳ ಏಪ್ರನ್ ನನ್ನ ಮೇಜಿಗೆ ಬಂತು. ಇಸ್ತ್ರಿಪೆಟ್ಟಿಗೆ ಜೇಬಿನ ಮೇಲೆ ಎಡವಿತು. ಒಳಗೆ ಮುದ್ದೆಯಾದ ಕಾಗದ, ಅದರ ಮೇಲೆ ಆಸ್ಪತ್ರೆಯ ಅರ್ಧ ಮುದ್ರೆ. ಜೇಬಕ್ಕನ ಜೇಬಿನಲ್ಲೇ ಕಾಗದ! ಉಳಿದವರು ಬಿದ್ದು ಬಿದ್ದು ನಕ್ಕರು. ನಾನು ಅದನ್ನು ಹಿಡಿದು ಅಕ್ಕನ ಬಳಿಗೆ ಹೋದೆ.

"ಏನಕ್ಕಾ ಇದು?"

"ಮ್ಯಾಮೊಗ್ರಾಂ ಚೀಟಿ, ಎದೆಯ ಎಕ್ಸ್‌ರೇದು. ಆಪರೇಷನ್‌ಗೆ ಮುಂಚೆ ಚಿತ್ರ ಕಪ್ಪಗಿತ್ತು, ಈಗ ಬೆಳ್ಳಗಾಗಿದೆ. ಸ್ಕ್ಯಾನಿಂಗಿಗೆ ಬಾ ಅಂದಿದ್ರು. ಅಮ್ಮನ ಕಾಯಿಲೆ ನಂಗೂ ಬಂದೇಬಿಟ್ಟಿದೆ ಅನ್ಕೊಂಡೆ."

"ಯಾವತ್ತು ಹೋಗ್ಬೇಕಿತ್ತು?"

"ಹೋದ ವಾರ."

ಅವಳ ಮುಖದಲ್ಲಿ ಏನೂ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಮರುದಿನವೇ ಕೈ ಹಿಡಿದು ಎಳೆದುಕೊಂಡು ಹೋದೆ.

ಆಸ್ಪತ್ರೆಯ ಡಾಕ್ಟರಮ್ಮ ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟರು. "ಕೊಬ್ಬು ಕಪ್ಪಗೆ ಕಾಣುತ್ತೆ, ಗ್ರಂಥಿ ಬೆಳ್ಳಗೆ. ಈಗ ಕೊಬ್ಬು ಕರಗಿದೆ, ಅದಕ್ಕೆ ಗ್ರಂಥಿ ಒತ್ತಾಗಿ ಕಾಣ್ತಿದೆ. ಬೆಳ್ಳಗಾದ ಮಾತ್ರಕ್ಕೆ ಕಾಯಿಲೆ ಅಲ್ಲಮ್ಮ. ತೂಕ ಇಳಿದಿದ್ರಿಂದ ಅಪಾಯ ಕಡಿಮೆಯಾಗಿರೋ ಸಾಧ್ಯತೆನೇ ಹೆಚ್ಚು. ಆದ್ರೆ ಗಂಟೂ ಬೆಳ್ಳಗೇ ಕಾಣೋದು. ಬಿಳಿ ಒಳಗೆ ಬಿಳಿ ಬಚ್ಚಿಟ್ಕೊಂಡ್ರೆ ಗೊತ್ತಾಗಲ್ಲ. ಅದಕ್ಕೇ ಸ್ಕ್ಯಾನಿಂಗ್, ಅದ್ರಲ್ಲಿ ಗಂಟು ಕಪ್ಪಗೆ ಬೇರೆಯಾಗಿ ಕಾಣುತ್ತೆ."

"ಬಿಸಿನೀರಲ್ಲಿ ಕುಗ್ಗಿದ ಉಣ್ಣೆ ಸ್ವೆಟರ್ ಥರ" ಎಂದಳು ಅಕ್ಕ, ಬೇರೆ ಯಾರದೋ ಬಟ್ಟೆಯ ವಿಷಯ ಹೇಳುವವಳಂತೆ.

ಹೊರಗೆ ಬೆಂಚಿನ ಮೇಲೆ ಸರದಿ ಕಾಯುವಾಗ ಕೇಳಿಯೇಬಿಟ್ಟೆ. "ಬೇಕಂತಲೇ ಜೇಬಲ್ಲಿ ಬಿಟ್ಯಾ?"

ಅವಳು ಎದುರಿನ ಗೋಡೆ ನೋಡುತ್ತಿದ್ದಳು. "ಅಮ್ಮನ ಕೋಟಿನ ಜೇಬಲ್ಲೂ ಆಸ್ಪತ್ರೆ ಮುದ್ರೆ ಇದ್ದ ಇಂಥದ್ದೇ ಕಾಗದ ಸಿಕ್ಕಿತ್ತು. ಆಗಿನ್ನೂ ಅಮ್ಮ ಗಟ್ಟಿಮುಟ್ಟಾಗಿ ಓಡಾಡ್ತಿದ್ಲು. ನಾನು ಓದ್ಲಿಲ್ಲ ಕಣೇ. ಕೋಟು ಒಗೆದು, ಕಾಗದ ವಾಪಸ್ ಅಲ್ಲೇ ಇಟ್ಟೆ."

ಅಮ್ಮ ಹೋಗಿ ಹನ್ನೊಂದು ವರ್ಷ. ಆ ಕಾಗದದ ವಿಷಯ ನನಗೆ ಗೊತ್ತಿರಲಿಲ್ಲ. ಬೈಯಬೇಕೆನಿಸಿತು, ತಬ್ಬಿಕೊಳ್ಳಬೇಕೆಂದೂ ಅನಿಸಿತು. ಅಷ್ಟರಲ್ಲಿ ಅಕ್ಕನ ನಂಬರು ಕೂಗಿದರು.

ಸ್ಕ್ಯಾನಿಂಗಿನಲ್ಲಿ ಗಂಟೇನೂ ಕಾಣಲಿಲ್ಲ. ಸಂತೋಷವಾಗಬೇಕಿತ್ತು, ಇಬ್ಬರಿಗೂ ಆಗಲಿಲ್ಲ. ಡಾಕ್ಟರಮ್ಮ ಮುಂದಿನ ವರ್ಷ ಮತ್ತೆ ಬರಬೇಕಾದ ತಾರೀಕು ಬರೆದು ಕೊಟ್ಟರು. ಅಕ್ಕನ ಕೈ ಜೇಬಿನ ತನಕ ಹೋಗಿ ನಿಂತಿತು. ಚೀಟಿಯನ್ನು ನನ್ನ ಕೈಗಿಟ್ಟಳು.

"ಓದು" ಎಂದಳು. "ಗಟ್ಟಿಯಾಗಿ ಓದು."